ಒದ್ದೆಯಾದ ಹಳೇ ಫೋಟೋ ಸ್ಟುಡಿಯೋಗೆ ಕೊಡುವ ಮುಂಚೆ ಇದನ್ನು ಓದಿ

ದಾವಣಗೆರೆಯವರು ದಯವಿಟ್ಟು ಓದಿ. ಎರಡು ವಾರದಿಂದ ಹೊಟ್ಟೆ ಉರಿಯುತ್ತಿದೆ.

ಮಳೆಗೆ ಹಳೇ ಮನೆಯ ಹಂಚು ಸರಿದು ಅವ್ವನ ಟ್ರಂಕಿನೊಳಗೆ ನೀರು ಹೋಗಿತ್ತು. ಒಟ್ಟು 23 ಫೋಟೋ. ಅಪ್ಪ ಅವ್ವನ ಮದುವೆಯವು, ಮತ್ತೆ 1983ರಲ್ಲಿ ಕಾಟನ್ ಮಿಲ್ಲಿನ ಗೇಟಿನ ಮುಂದೆ ಅಪ್ಪ ಜೊತೆಗಾರರ ಸಂಗಡ ನಿಂತಿದ್ದು. ಎಲ್ಲ ಒಂದಕ್ಕೊಂದು ಅಂಟಿದ್ದವು. ಅಪ್ಪ ಈಗ ಇಲ್ಲ.

ಗಾಬರಿಯಲ್ಲಿ ಪ್ಲಾಸ್ಟಿಕ್ ಕವರಿಗೆ ಹಾಕಿ ಒಂದು ಸ್ಟುಡಿಯೋಗೆ ಒಯ್ದೆ. "ಕೆಮಿಕಲ್ ವಾಶ್ ಮಾಡಿ ಬಿಡಿಸ್ತೀವಿ ಮೇಡಂ, ಅದೇ ಫೋಟೋ ವಾಪಸ್" ಎಂದರು. 6,500 ರೂಪಾಯಿ, ಅಡ್ವಾನ್ಸ್ 4,000. ರಸೀದಿ ಕೇಳಿದರೆ "ನಂಬಿಕೆ ಇಲ್ವಾ?" ಎಂದು ನಕ್ಕರು. ಸುಮ್ನೆ ಬಂದುಬಿಟ್ಟೆ.

ಹನ್ನೆರಡು ದಿನ ಬರೀ "ನಾಳೆ ಬನ್ನಿ". ಕೊನೆಗೆ ಒಂದು ಕವರ್ ಕೊಟ್ಟರು. ಬಾಕಿ ದುಡ್ಡು ಎಣಿಸಿ ಕೊಟ್ಟೆ, ಬಿಚ್ಚಿ ನೋಡಲಿಲ್ಲ. ಮನೆಗೆ ಬಂದು ಅವ್ವನ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು. ಆಮೇಲೆ "ಇದ್ಯಾರವ್ವಾ?" ಎಂದಳು.

ಅದು ಅಪ್ಪ ಅಲ್ಲ. ಹುಬ್ಬಿನ ಮೇಲಿನ ಗಾಯದ ಗುರುತಿಲ್ಲ. ಮೂಗು ಬೇರೆ. ಚರ್ಮ ಮೇಣದ ಥರ. ಮಿಲ್ಲಿನ ಬೋರ್ಡಿನ ಕನ್ನಡ ಅಕ್ಷರಗಳು ಯಾವ ಭಾಷೆಯವೂ ಅಲ್ಲದ ಗೀಚು. ಅವ್ವನಿಗೆ ಏನು ಹೇಳಲಿ?

ಮರುದಿನ ಹೋಗಿ ಕೇಳಿದೆ. "ಚೆನ್ನಾಗೇ ಬಂದಿದೆಯಲ್ಲ ಮೇಡಂ, ಎಐ ಹಾಕಿ ಕ್ಲಿಯರ್ ಮಾಡಿದ್ದೀವಿ." ಇದು ನಮ್ಮಪ್ಪನ ಮುಖ ಅಲ್ಲ ಎಂದೆ. "ಹಳೇದ್ರಲ್ಲೂ ಮುಖ ಸರಿಯಾಗಿ ಕಾಣ್ತಿರಲಿಲ್ಲ." ಹಾಗಾದರೆ ಮೂಲ ಫೋಟೋ ಕೊಡಿ ಎಂದೆ. "ಬೂಷ್ಟು ಹಿಡಿದು ವಾಸನೆ ಹೊಡೀತಿತ್ತು, ಕಸಕ್ಕೆ ಹಾಕಿದ್ವಿ."

ಕಸಕ್ಕೆ ಹಾಕಿದರಂತೆ! ಕೇಳದೆ, ಒಂದು ಫೋನೂ ಮಾಡದೆ. ಒದ್ದೆ ಫೋಟೋಗೆ ಎರಡು ದಿನದಲ್ಲೇ ಬೂಷ್ಟು ಶುರುವಾಗಬಹುದು. ಕವರಿನಲ್ಲೇ ಕೊಳೆಸಿದ್ದು ಅವರೇ.

ಫೋಟೋದ ಮೇಲ್ಪದರ ಜೆಲಟಿನ್, ನೀರಿಗೆ ಮೆತ್ತಗಾಗಿ ಊದುತ್ತದೆ, ಒಣಗುವಾಗ ಪಕ್ಕದ್ದಕ್ಕೆ ಕಚ್ಚಿಕೊಳ್ಳುತ್ತದೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಒಣಗುವ ಮುಂಚೆಯೇ ತಣ್ಣನೆಯ ಶುದ್ಧ ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಬೇಕಿತ್ತು. ಚಿತ್ರದ ಕಡೆ ಬೆರಳು ತಾಗಿಸದೆ, ಬಟ್ಟೆಯ ಮೇಲೆ ನೆರಳಲ್ಲಿ ಒಣಗಿಸಬೇಕಿತ್ತು. ಆಗಲೇ ಆಗದಿದ್ದರೆ ಫ್ರೀಜರಿನಲ್ಲಿ ಇಡಬಹುದಿತ್ತು. ಮನೆಯಲ್ಲೇ ಆಗುತ್ತಿತ್ತು! (ಕಂಪ್ಯೂಟರ್ ಪ್ರಿಂಟರಿನಲ್ಲಿ ತೆಗೆದದ್ದನ್ನು ಮಾತ್ರ ನೆನೆಸಬೇಡಿ, ಇಂಕು ಹರಡುತ್ತದೆ.)

ಹೊರಗೆ ಕೊಡಲೇಬೇಕಾದರೆ, ಮೊದಲು ಮೊಬೈಲಿನಲ್ಲಿ ಒಂದೊಂದನ್ನೂ ಫೋಟೋ ಹೊಡೆದುಕೊಳ್ಳಿ. ಎಣಿಸಿ, ರಸೀದಿಯಲ್ಲಿ "ಮೂಲ ಫೋಟೋ ವಾಪಸ್" ಎಂದು ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಆ ಗುಂಪು ಫೋಟೋದ ಪ್ರತಿ ಆಗ ಎಲ್ಲರಿಗೂ ಕೊಟ್ಟಿದ್ದರು ಎಂದು ಅವ್ವ ಹೇಳುತ್ತಾಳೆ. ನಿಮ್ಮ ಮನೆಯಲ್ಲಿ ಯಾರಾದರೂ ಆಗ ಮಿಲ್ಲಿನಲ್ಲಿದ್ದರೆ, ದಯವಿಟ್ಟು ಹಳೇ ಆಲ್ಬಮ್ ಒಮ್ಮೆ ತೆಗೆದು ನೋಡಿ. ಎರಡನೇ ಸಾಲು, ಎಡದಿಂದ ಮೂರನೆಯವರು ನಮ್ಮಪ್ಪ.