8,500 ರೂಪಾಯಿಗೆ ಪ್ರಪೋಸಲ್ ತಿದ್ದಿಸಿಕೊಂಡಿದ್ದು

ನಾನು ನಿವೃತ್ತ ಗಣಿತ ಮೇಷ್ಟ್ರು. ಹಾನಗಲ್ ತಾಲ್ಲೂಕಿನ ಐದು ಸರ್ಕಾರಿ ಶಾಲೆಗಳಲ್ಲಿ ಟ್ಯಾಬ್ ಇಟ್ಟು ಗಣಿತ ಕಲಿಸೋಣ ಅಂತ ನಾಲ್ಕು ಜನ ಸೇರಿ ಸಣ್ಣ ಟ್ರಸ್ಟ್ ಮಾಡಿಕೊಂಡಿದ್ದೇವೆ. ಹೋದ ವರ್ಷ ಒಂದು ಕಂಪನಿಯ ಸಿಎಸ್‌ಆರ್ ಹಣಕ್ಕೆ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣಕ್ಕೆ, ಅರ್ಜಿ ಹಾಕಿದ್ದೆವು. ಒಂದೇ ಸಾಲಿನಲ್ಲಿ ಆಗುವುದಿಲ್ಲ ಅಂದರು. ಈ ಸಲ ಬೆಂಗಳೂರಿನ ಒಂದು ಸಂಸ್ಥೆಗೆ ಪ್ರಪೋಸಲ್ ತಿದ್ದಿಕೊಡಲು 8,500 ರೂಪಾಯಿ ಕಟ್ಟಿದೆ. ಜಿಎಸ್‌ಟಿ ಬೇರೆ. ಸಂಸ್ಥೆಯ ಹೆಸರು ಬೇಡ.

ಮೊದಲು 40 ನಿಮಿಷ ಫೋನಿನಲ್ಲಿ ಮಾತು. ಸಂಸ್ಥೆಯ ಹುಡುಗಿ ನಮ್ಮ ಕರಡಿನ 14 ಪುಟವನ್ನೂ ಓದಿಕೊಂಡೇ ಕೂತಿದ್ದಳು. "ಸರ್, ಪಠ್ಯಪುಸ್ತಕದಲ್ಲೇ ಸರ್ಕಾರದ ದೀಕ್ಷಾ ಆ್ಯಪಿನ ಕ್ಯೂಆರ್ ಕೋಡ್ ಇದೆಯಲ್ಲ? ಫೋನ್ ಹಿಡಿದರೆ ಪಾಠ ಬರುತ್ತೆ. ನೀವು ಹೊಸದಾಗಿ ಏನು ಕೊಡ್ತೀರಿ?" ಅಂದಳು. 31 ವರ್ಷ ಪ್ರಶ್ನೆ ಕೇಳಿದವನಿಗೆ ಉತ್ತರ ಹೊಳೆಯಲಿಲ್ಲ! ಆಮೇಲೆ ತಡವರಿಸಿಕೊಂಡು ಹೇಳಿದೆ. ನಮ್ಮ ಎರಡು ಊರಲ್ಲಿ ನೆಟ್‌ವರ್ಕ್ ಬೇಕಾದರೆ ಶಾಲೆಯ ಗೇಟಿನ ಹತ್ತಿರ ಹೋಗಿ ನಿಲ್ಲಬೇಕು. ಅದಕ್ಕೇ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಕೋಲಿಬ್ರಿ ಅನ್ನೋ ಪಾಠದ ತಂತ್ರಾಂಶ ಹಾಕಿ, ಇಂಟರ್‌ನೆಟ್ ಇಲ್ಲದೆಯೇ ಟ್ಯಾಬ್‌ಗಳಿಗೆ ಪಾಠ ಕೊಡುತ್ತೇವೆ ಅಂದೆ. "ಇದು 11ನೇ ಪುಟದಲ್ಲಿ ಅಡಗಿದೆ ಸರ್, ಮೊದಲ ಪುಟಕ್ಕೆ ತನ್ನಿ" ಅಂದಳು. ಅರ್ಧ ದುಡ್ಡು ಅಲ್ಲೇ ವಸೂಲಾಯಿತು.

ಬಜೆಟ್ಟಿನಲ್ಲಿ 60 ಟ್ಯಾಬ್ ಬರೆದಿದ್ದೆವು, ಅದು 30ಕ್ಕೆ ಇಳಿಯಿತು. ಇಬ್ಬರು ಮಕ್ಕಳಿಗೆ ಒಂದು ಸಾಕಂತೆ. ಉಳಿದದ್ದು ಯುಪಿಎಸ್, ರಿಪೇರಿ, ಶಿಕ್ಷಕರ ತರಬೇತಿಗೆ ಹೋಯಿತು. ಆಡಳಿತ ಖರ್ಚು 5% ದಾಟಬಾರದು ಅಂತ ಯಾರೋ ಹೇಳಿದ್ದನ್ನು ನಂಬಿ ಸಂಯೋಜಕಿಯ ಸಂಬಳವನ್ನೇ ಬಿಟ್ಟಿದ್ದೆವು. ಆ ಮಿತಿ ಕಂಪನಿಯ ಸ್ವಂತ ಆಡಳಿತ ಖರ್ಚಿಗೆ, ನಮಗಲ್ಲ ಅಂತ ಗೊತ್ತಾಗಿದ್ದು ಈಗಲೇ. "ಮಕ್ಕಳಿಗೆ ತುಂಬಾ ಅನುಕೂಲವಾಗುತ್ತದೆ" ಅನ್ನೋ ಸಾಲಿಗೆ ಕೆಂಪು ಗೆರೆ ಬಿತ್ತು. ಅದರ ಜಾಗದಲ್ಲಿ ಏಳನೇ ಕ್ಲಾಸಿಗೆ ಭಿನ್ನರಾಶಿಯ 20 ಪ್ರಶ್ನೆ, ಜೂನ್‌ನಲ್ಲಿ ಒಮ್ಮೆ, ಅದೇ ಮಟ್ಟದ್ದು ಫೆಬ್ರವರಿಯಲ್ಲಿ ಒಮ್ಮೆ ಅಂತ ಬರೆದೆವು. ಸಿಎಸ್‌ಆರ್-1, 12ಎ, 80ಜಿ ಅನ್ನೋ ನೋಂದಣಿಗಳು (ಮೊದಲನೆಯದು ಸಿಎಸ್‌ಆರ್ ಹಣ ಪಡೆಯಲು, ಉಳಿದೆರಡು ಆದಾಯ ತೆರಿಗೆಯವು) ನಮ್ಮಲ್ಲಿದ್ದವು. ಎಸ್‌ಡಿಎಂಸಿ (ಶಾಲಾ ಸಮಿತಿ) ಠರಾವು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಪತ್ರ ಇರಲಿಲ್ಲ. ಅವಕ್ಕೆ ಓಡಾಡಿ ಚಪ್ಪಲಿ ಸವೆಯಿತು ಬಿಡಿ.

ಇನ್ನು ಬೇಸರದ ಮಾತು. ಹತ್ತು ದಿನ ಅಂದಿದ್ದು 23 ದಿನ ಆಯಿತು. ಬಂದ ಪ್ರತಿಯ ಆರನೇ ಪುಟದಲ್ಲಿ "ಗುರುಗ್ರಾಮದ ಕೊಳೆಗೇರಿ ಮಕ್ಕಳು" ಅಂತ ಇತ್ತು. ಗುರುಗ್ರಾಮ ಎಲ್ಲಿ, ಹಾನಗಲ್ ಎಲ್ಲಿ? ಬೇರೆ ಯಾರದೋ ಅರ್ಜಿಯಿಂದ ಎತ್ತಿ ಅಂಟಿಸಿದ್ದು. ನಾನು ಸುಮ್ನೆ ಕಳಿಸಿಬಿಟ್ಟಿದ್ದರೆ ಮರ್ಯಾದೆ ಹೋಗುತ್ತಿತ್ತು, ಅಲ್ವಾ? ಫೋನ್ ಮಾಡಿದರೆ ಆ ಹುಡುಗಿ ಕೆಲಸ ಬಿಟ್ಟಿದ್ದಳು. ಇನ್ನೊಬ್ಬರು "ಟೆಂಪ್ಲೇಟ್ ಸರ್" ಅಂದರು. ಪುಟ ತಿದ್ದಿಕೊಟ್ಟರು, ಕ್ಷಮೆ ಕೇಳಲಿಲ್ಲ.

ಅರ್ಜಿ ಹೋಗಿದೆ. ಕಂಪನಿಯವರು ಶಾಲೆ ನೋಡಲು ಬರುತ್ತಾರಂತೆ, ಹಣ ಇನ್ನೂ ಬಂದಿಲ್ಲ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಪೂರ್ತಿ ಬರೆದುಕೊಡುವ 25,000ದ ಪ್ಯಾಕೇಜೂ ಅವರಲ್ಲಿದೆ, ಅದರ ತಂಟೆಗೆ ಹೋಗಬೇಡಿ. ನಿಮ್ಮ ಕರಡು ನೀವೇ ಬರೆದುಕೊಂಡು, ಬರೀ ಫೋನ್ ಮಾತಿಗೆ ಎಷ್ಟು ಅಂತ ಕೇಳಿ. ನಾನು ಕೇಳಲಿಲ್ಲ.