ಹ್ಯಾಂಗರ್ ಮುರಿಯುವುದು ಕತ್ತಿನಲ್ಲೇ: ಕೆಲವು ಬಗೆಗಳನ್ನು ತೂಗಿ ನೋಡಿದ್ದು

ಮಧ್ಯರಾತ್ರಿ ‘ಟಪ್’ ಅಂತ ಸದ್ದಾಯಿತು. ಎದ್ದು ನೋಡಿದರೆ ಒದ್ದೆ ಜೀನ್ಸ್ ನೆಲದ ಮೇಲಿತ್ತು. ಕೊಕ್ಕೆ ಮಾತ್ರ ಏನೂ ಆಗೇ ಇಲ್ಲ ಅನ್ನುವ ಹಾಗೆ ಸರಳಿನ ಮೇಲೆ ತೂಗಾಡುತ್ತಿತ್ತು. ಪ್ಲಾಸ್ಟಿಕ್ ಭಾಗಗಳ ಡ್ರಾಯಿಂಗ್ ಮಾಡುವುದೇ ನನ್ನ ಕೆಲಸ. ಆದರೆ ಹ್ಯಾಂಗರ್ ಬಗ್ಗೆ ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ. ಆವತ್ತಿನಿಂದ ಶುರುವಾಯಿತು.

ಮನೆಯಲ್ಲಿದ್ದ ಹ್ಯಾಂಗರ್‌ಗಳನ್ನೆಲ್ಲ ಗುಡ್ಡೆ ಹಾಕಿ ಮೊದಲು ನೀರಿಗೆ ಹಾಕಿದೆ. ಹಾಲುಬಣ್ಣದವು ತೇಲಿದವು: ಪಾಲಿಪ್ರೊಪಿಲೀನ್, ಅಂದರೆ ಪಿಪಿ. ಗಾಜಿನ ಹಾಗೆ ಹೊಳೆಯುವವು ಮುಳುಗಿದವು: ಪಾಲಿಸ್ಟೈರೀನ್. ಕಿವಿಗೂ ಗೊತ್ತಾಗುತ್ತದೆ. ನೆಲಕ್ಕೆ ಬಿದ್ದರೆ ಪಾಲಿಸ್ಟೈರೀನ್ ‘ಟಿಣ್’ ಅನ್ನುತ್ತದೆ, ಪಿಪಿ ಸುಮ್ನೆ ‘ದಪ್’ ಅನ್ನುತ್ತದೆ. ಆಮೇಲೆ ಹ್ಯಾಂಗರ್‌ನ ಎರಡೂ ಹೆಗಲಿಗೆ ಒಂದೊಂದು ಡಬ್ಬ ಕಟ್ಟಿ, ಎರಡಕ್ಕೂ ಅರ್ಧರ್ಧ ಲೀಟರ್ ನೀರು ಹಾಕುತ್ತಾ ಹೋದೆ. ಒಂದು ಸುತ್ತಿಗೆ 1 ಕೆಜಿ. 2 ಕೆಜಿಗೆ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ನೀರು ಏರಿಸುವುದು.

ಪಾಲಿಸ್ಟೈರೀನ್‌ದು ಮೊದಲು ಗೆದ್ದ ಹಾಗೇ ಕಂಡಿತು. 2 ಕೆಜಿಗೆ ಜಗ್ಗಲೇ ಇಲ್ಲ. ಬೆಳಿಗ್ಗೆ ಎದ್ದಾಗಲೂ ನೆಟ್ಟಗಿತ್ತು. 4 ಕೆಜಿಗೆ ಟಾರ್ಚ್ ಹಿಡಿದು ನೋಡಿದೆ. ಕೊಕ್ಕೆ ಮತ್ತು ತೋಳು ಸೇರುವ ಒಳಮೂಲೆಯಲ್ಲಿ ಕೂದಲಿನಷ್ಟು ತೆಳುವಾದ ಬಿಳಿ ಗೆರೆಗಳು ಎದ್ದಿದ್ದವು. ಇನ್ನೊಂದು ಸುತ್ತು ನೀರು ಹಾಕುವಷ್ಟರಲ್ಲಿ ಕಥೆ ಮುಗಿಯಿತು. ಮುನ್ಸೂಚನೆ ಅಂತ ಇದ್ದರೆ ಆ ಗೆರೆಗಳು ಮಾತ್ರ. ಬಟ್ಟೆ ಹಾಕುವಾಗ ಅದನ್ನು ಯಾರು ನೋಡುತ್ತಾರೆ?

ಪಿಪಿಯದು ಉಲ್ಟಾ. 2 ಕೆಜಿಗೇ ತೋಳು ಬೆರಳಗಲ ಇಳಿಯಿತು, ಬೆಳಗಾಗುವಷ್ಟರಲ್ಲಿ ಇನ್ನೂ ಇಳಿದಿತ್ತು. ಭಾರ ಹೊತ್ತು ನಿಂತರೆ ನಿಧಾನವಾಗಿ ಜಗ್ಗುತ್ತಾ ಹೋಗುವುದು ಅದರ ಗುಣ. ಆದರೆ 8 ಕೆಜಿಗೂ ಮುರಿಯಲಿಲ್ಲ. ಕೊಕ್ಕೆ ಬಿಚ್ಚಿಕೊಂಡು ಸರಳಿನಿಂದ ಜಾರಿತು, ಅಷ್ಟೇ. ನೀರು ಚೆಲ್ಲಿದ ಮೇಲೆ ತೋಳು ಸುಮಾರು ಮೊದಲಿನ ಜಾಗಕ್ಕೇ ಬಂತು.

ನನ್ನ ಓಟು ಪಿಪಿಗೆ. ಬಿಗಿತದಲ್ಲಿ ಅದು ಪಾಲಿಸ್ಟೈರೀನ್‌ನ ಹೆಚ್ಚುಕಡಿಮೆ ಅರ್ಧ, ಒಪ್ಪೋಣ. ಆದರೆ ಆ ಕೊರತೆಯನ್ನು ಆಕಾರದಲ್ಲಿ ತುಂಬಿಕೊಳ್ಳಬಹುದು. ತೋಳಿನ ಅಗಲ ಎರಡು ಪಟ್ಟು ಮಾಡಿದರೆ ಬಿಗಿತವೂ ಎರಡೇ ಪಟ್ಟು. ಎತ್ತರವನ್ನು 6 ಮಿಮೀಯಿಂದ 9 ಮಿಮೀಗೆ ಏರಿಸಿದರೆ ಮೂರು ಪಟ್ಟಿಗಿಂತ ಜಾಸ್ತಿ, ಯಾಕೆಂದರೆ ಎತ್ತರದ ಲೆಕ್ಕ ಘನದಲ್ಲಿ ಏರುತ್ತದೆ. ಹಾಗಂತ ದಪ್ಪ ಗಟ್ಟಿ ತುಂಡು ಮಾಡಿದರೆ ಒಳಗೆ ಗುಳ್ಳೆ, ಮೇಲೆ ಗುಳಿ. ಅಚ್ಚಿನಲ್ಲಿ ಆರುವುದಕ್ಕೂ ಹೊತ್ತು ಹಿಡಿಯುತ್ತದೆ. ಅದಕ್ಕೇ ಇಂಗ್ಲಿಷ್ ಐ ಅಕ್ಷರದ ಆಕಾರ: ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ತೆಳು ಗೋಡೆ. ಒಂದೇ ತೊಂದರೆ, ಭಾರ ಒಂದು ಕಡೆ ವಾಲಿದರೆ ಇದು ತಿರುಚಿಕೊಳ್ಳುತ್ತದೆ. ನಡುವೆ ಅಡ್ಡಡ್ಡ ರಿಬ್, ಅಂದರೆ ಆಸರೆಯ ತೆಳು ಪಟ್ಟಿ ಹಾಕಬೇಕು. ರಿಬ್‌ನ ದಪ್ಪ ಗೋಡೆಯ ದಪ್ಪದ ಅರ್ಧದಷ್ಟಿರಲಿ, ಇಲ್ಲವಾದರೆ ಹೊರಗಡೆ ಮತ್ತೆ ಗುಳಿ ಬೀಳುತ್ತದೆ.

ಕೊಳವೆ ಹ್ಯಾಂಗರ್ ತಿರುಚುವುದಿಲ್ಲ, ಅಂಗಿಯ ಹೆಗಲಲ್ಲಿ ಗಂಟು ಮೂಡಿಸುವುದಿಲ್ಲ. ನನ್ನದು ತೋಳಿಗೂ ಅಡ್ಡಪಟ್ಟಿಗೂ ಬೆಸುಗೆ ಕೂಡಿದ ಕಡೆ ಕಿತ್ತುಬಂತು. ಬೆಸುಗೆಯಿಲ್ಲದೆ, ಅಚ್ಚಿನೊಳಗೇ ಗ್ಯಾಸ್ ಊದಿ ಟೊಳ್ಳು ಮಾಡಿದ್ದು ಸಿಕ್ಕರೆ ಅದೇ ಒಳ್ಳೆಯದು. ಗ್ಲಾಸ್ ಫೈಬರ್ ಬೆರೆಸಿದ್ದೂ ಒಂದಿತ್ತು. ಭಾರಿ ಬಿಗಿ, ಆದರೆ ಮೈ ಒರಟು. ತೆಳು ಬಟ್ಟೆಯ ಎಳೆ ಎಳೆಯಿತು.

ಈಗ ಕೊಕ್ಕೆಯೂ ತೋಳೂ ಸೇರುವ ಕತ್ತಿಗೆ ಬರೋಣ. ನನಗೆ ನಿಜವಾಗಿ ಆಶ್ಚರ್ಯವಾಗಿದ್ದು ಇಲ್ಲಿ. ಒಂದೇ ಕಟ್ಟಿನ ಎರಡು ಪಾಲಿಸ್ಟೈರೀನ್ ಹ್ಯಾಂಗರ್ ತೆಗೆದುಕೊಂಡೆ. ಒಂದರ ಒಳಮೂಲೆಯನ್ನು ದುಂಡು ಅರದಿಂದ ಉಜ್ಜಿ, ಸಣ್ಣ ಮರಳುಕಾಗದ ಹಾಕಿ ನುಣುಪು ಮಾಡಿದೆ. ಅಂದರೆ ಪ್ಲಾಸ್ಟಿಕ್ ಕಡಿಮೆಯೇ ಆಯಿತು, ಅಲ್ವಾ? ಆದರೂ ಉಜ್ಜಿದ್ದು ಎರಡು ಸುತ್ತು ನೀರು ಜಾಸ್ತಿ ಹೊತ್ತಿತು. ಚೂಪು ಮೂಲೆಯಲ್ಲಿ ಎಳೆತವೆಲ್ಲ ಒಂದು ಬಿಂದುವಿಗೆ ಬಂದು ಕೂರುತ್ತದೆ. ಮೂಲೆಯ ತ್ರಿಜ್ಯ ಗೋಡೆ ದಪ್ಪದ ಅರ್ಧವಾದರೂ ಇರಬೇಕು ಅನ್ನುವುದು ನಮ್ಮ ಕೆಲಸದಲ್ಲಿ ಮೊದಲ ಪಾಠ. ಹ್ಯಾಂಗರ್ ಮಾಡಿದವರು ಆ ದಿನ ಕ್ಲಾಸಿಗೆ ಚಕ್ಕರ್ ಹೊಡೆದಿರಬೇಕು.

ಮೊದಲ ರಾತ್ರಿ ಮುರಿದಿದ್ದನ್ನು ಆಮೇಲೆ ಕೈಗೆತ್ತಿಕೊಂಡೆ. ಅಡ್ಡಪಟ್ಟಿಯ ನಟ್ಟನಡುವೆ ಉಗುರಿಗೆ ತಾಗುವಷ್ಟು ಸಣ್ಣ ಉಬ್ಬು. ಕರಗಿದ ಪ್ಲಾಸ್ಟಿಕ್ ಅಚ್ಚಿಗೆ ನುಗ್ಗಿದ ಬಾಗಿಲು ಅದು, ಗೇಟ್. ಅಲ್ಲಿಂದ ಪ್ಲಾಸ್ಟಿಕ್ ಎಡಕ್ಕೂ ಬಲಕ್ಕೂ ಹರಿದು, ತೋಳು ಹತ್ತಿ, ಎರಡೂ ಕಡೆಯಿಂದ ಬಂದು ಸೇರುವುದು ಎಲ್ಲಿ? ಸರಿಯಾಗಿ ಕತ್ತಿನಲ್ಲಿ! ಅಷ್ಟು ಹೊತ್ತಿಗೆ ಎರಡರ ಮುಖವೂ ಆರಿರುತ್ತದೆ, ಚೆನ್ನಾಗಿ ಬೆಸೆಯುವುದಿಲ್ಲ. ಇದೇ ವೆಲ್ಡ್ ಲೈನ್. ಮುರಿದ ತುಂಡುಗಳನ್ನು ಜೋಡಿಸಿ ನೋಡಿದರೆ ಬಿರುಕು ಆ ಗೆರೆಯಲ್ಲೇ ಶುರುವಾಗಿತ್ತು. ಭಾರ ಎಲ್ಲಿ ಜಾಸ್ತಿಯೋ ಅಲ್ಲೇ ಬೆಸುಗೆ ಕಚ್ಚಾ. ಪಿಪಿ ಹ್ಯಾಂಗರ್‌ನ ಗೇಟ್ ಕತ್ತಿಗಿಂತ ಸ್ವಲ್ಪ ಕೆಳಗೆ, ಒಂದು ತೋಳಿನ ಮೇಲಿತ್ತು. ಅದರ ವೆಲ್ಡ್ ಲೈನ್ ಅಡ್ಡಪಟ್ಟಿಗೆ ಬಿದ್ದಿತ್ತು. ಜಾಣರು.

ಅಡ್ಡಪಟ್ಟಿಯಲ್ಲಿ ಬಿದ್ದರೆ ತೊಂದರೆಯಿಲ್ಲವೇ ಅಂತ ಒಂದು ಪಿಪಿಯ ಪಟ್ಟಿಯನ್ನೇ ಗರಗಸದಿಂದ ಕೊಯ್ದೆ. ಹೆಗಲಿಗೆ ಭಾರ ಹಾಕಿದರೆ ಸೀಳು ಅಗಲವಾಗುತ್ತದೆ ಅಂದುಕೊಂಡಿದ್ದೆ. ಆಗಿದ್ದೇ ಬೇರೆ: ಎರಡೂ ತುದಿ ಹತ್ತಿರ ಬಂದು ಒಂದರ ಮೇಲೊಂದು ಏರಿದವು. ಅಂದರೆ ಅಡ್ಡಪಟ್ಟಿ ತೋಳುಗಳನ್ನು ಎಳೆದು ಹಿಡಿಯುತ್ತಿಲ್ಲ, ಒಳಗೆ ಬಾರದ ಹಾಗೆ ತಳ್ಳಿ ನಿಲ್ಲಿಸುತ್ತದೆ. ಒತ್ತಿಸಿಕೊಳ್ಳುವ ಬೆಸುಗೆ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಪಟ್ಟಿ ತೀರಾ ತೆಳುವಾಗಿದ್ದರೆ ಮಾತ್ರ ಬಿಲ್ಲಿನ ಹಾಗೆ ಪಕ್ಕಕ್ಕೆ ಬಾಗುತ್ತದೆ.

ಕೊಕ್ಕೆ ಲೋಹದ್ದೋ ಪ್ಲಾಸ್ಟಿಕ್‌ದೋ? ಲೋಹದ್ದು ಬಿಚ್ಚಿಕೊಳ್ಳುವುದಿಲ್ಲ, ನಿಜ. ಆದರೆ ಪಾಲಿಸ್ಟೈರೀನ್‌ನಲ್ಲಿ ಬಿಗಿಯಾಗಿ ತೂರಿಸಿದ್ದರೆ ಸುತ್ತಲಿನ ಪ್ಲಾಸ್ಟಿಕ್ ಸದಾ ಹಿಗ್ಗಿಕೊಂಡೇ ಇರುತ್ತದೆ. ನನ್ನ ಒಂದು ಹ್ಯಾಂಗರ್ ಬೀರುವಿನಲ್ಲಿ ಖಾಲಿ ನೇತಾಡುತ್ತಲೇ ಅಲ್ಲಿ ಸೀಳು ಬಿಟ್ಟಿತು. ಪಿಪಿ ಜೊತೆ ಲೋಹದ ಕೊಕ್ಕೆ ಹೊಂದುತ್ತದೆ. ಪೂರ್ತಿ ಪ್ಲಾಸ್ಟಿಕ್ ಬೇಕೆಂದರೆ ಕೊಕ್ಕೆಯ ಒಳಬಾಗಿನ ಅಂಚು ದಪ್ಪಗಿರಲಿ, ಎಳೆತ ಬೀಳುವುದು ಅಲ್ಲೇ.

ಬಿಸಿಲಲ್ಲಿ ಒಣಗಿಸುವವರಿಗೆ ಒಂದು ಮಾತು. ಬಿಸಿಲು ತಡೆಯುವ ಮಸಾಲೆ ಬೆರೆಸದ ಪಿಪಿ ಕಾಲಕ್ರಮೇಣ ಸುಣ್ಣದ ಹಾಗೆ ಪುಡಿಯೇಳುತ್ತದೆ. ಇಂಗಾಲದ ಪುಡಿ ಸೇರಿಸಿದ ಕಪ್ಪು ಬಣ್ಣದ್ದು ಜಾಸ್ತಿ ಬಾಳುತ್ತದೆ.

ಈಗ ಒದ್ದೆ ಬಟ್ಟೆಗೆಲ್ಲ ಐ ಆಕಾರದ ಪಿಪಿ, ಒಣ ಅಂಗಿಗಳಿಗೆ ಅರ ಹಾಕಿ ಉಜ್ಜಿದ ಪಾಲಿಸ್ಟೈರೀನ್. ಪಿಪಿಯ ಒಂದು ಹ್ಯಾಂಗರ್‌ಗೆ 3 ಕೆಜಿ ನೀರು ಕಟ್ಟಿ ಬಿಟ್ಟು ಎರಡು ವಾರವಾಯಿತು. ಕೊಕ್ಕೆಯ ಬಾಯಿ 2 ಮಿಮೀ ಅಗಲವಾಗಿದೆ. ಡಬ್ಬಗಳನ್ನು ಇನ್ನೂ ಇಳಿಸಿಲ್ಲ.