ತಾರೀಖು ನೋಡದೆ ಮಳೆಗಾಲದ ಬೂಟು ತಗೋಬೇಡಿ

ಮಳೆಗಾಲಕ್ಕೆ ಬೂಟು ತರುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಓದಿಕೊಂಡು ಅಂಗಡಿಗೆ ಹೋಗಿ. ಹೋದ ವರ್ಷ ನಾನು ಯೋಚಿಸದೆ ತಂದ ಬೂಟಿನಿಂದ ನಮ್ಮ ತೋಟದ ಕೆಲಸಕ್ಕೆ ಬರುವವರೊಬ್ಬರು ಒಂಬತ್ತು ದಿನ ಹಾಸಿಗೆ ಹಿಡಿದರು. ಆ ಬೇಸರ ಇವತ್ತಿಗೂ ಹೋಗಿಲ್ಲ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆಯ ಮಗ್ಗುಲು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಆರಿದ್ರೆ ಹಿಡಿದರೆ ಮುಗಿಯಿತು, ಅಡಿಕೆ ತೋಟದಲ್ಲಿ ಒಣ ನೆಲ ಅಂತ ಹುಡುಕಿದರೂ ಸಿಗುವುದಿಲ್ಲ. ಬಸಿಗಾಲುವೆಯಲ್ಲಿ ನೀರು, ದಾರಿಯಲ್ಲಿ ಕೆಸರು, ಸೋಗೆ ಎತ್ತಿದಲ್ಲೆಲ್ಲ ಇಂಬಳ. ಬರಿಗಾಲಲ್ಲಿ ದಿನಾ ಇಳಿದವರ ಬೆರಳ ಸಂದಿಯಲ್ಲಿ ಕೆಸರುಹುಣ್ಣು ಆಗದೆ ಇರುವುದಿಲ್ಲ. ಅದಕ್ಕೇ ಎಲ್ಲರಿಗೂ ಒಳ್ಳೆಯ ಬೂಟು ಕೊಡಿಸೋಣ ಅಂತ ಮನಸ್ಸು ಮಾಡಿದ್ದು.

ಗಂಬೂಟು ಹಾಕಿಕೊಂಡರೆ ಕಾಲು ಬೇಯುತ್ತದೆ, ಭಾರ ಅಂತ ನಮ್ಮವರ ಗೊಣಗಾಟ ಇದ್ದದ್ದೇ. ಪೇಟೆಯ ಅಂಗಡಿಯವರು ಒಳಗಿನಿಂದ ಹಳದಿ ಡಬ್ಬಿ ತಂದು ತೆಗೆದರು. ಹಿಮ್ಮಡಿ ಗಂಟಿನವರೆಗೆ ಬರುವ, ಲೇಸ್ ಕಟ್ಟುವ ಕಪ್ಪು ಬೂಟು. ಕೈಯಲ್ಲಿ ಹಿಡಿದರೆ ಹಗುರ, ಅಟ್ಟೆ ಮೆತ್ತಗೆ. ‘ನೂರಕ್ಕೆ ನೂರು ವಾಟರ್‌ಪ್ರೂಫ್, ಎರಡು ಮಳೆಗಾಲ ಗ್ಯಾರಂಟಿ’ ಅಂದರು. ಬೆಲೆ 1,150. ಮೂರು ಜೊತೆ ತಂದೆ.

ಮೊದಲ ದಿನವೇ ನೀರು ಒಳಗೆ ಬಂತು. ನಾಲಿಗೆಯ ಪಕ್ಕದ ಹೊಲಿಗೆಯಿಂದ ಸೋರಿ, ಮಧ್ಯಾಹ್ನದ ಹೊತ್ತಿಗೆ ಒಳಗೆ ಹಾಕಿದ್ದ ಪಟ್ಟಿ ಸ್ಪಂಜಿನ ಹಾಗಾಗಿತ್ತು. ಹೊಸದಲ್ವಾ, ಸರಿಹೋಗುತ್ತೆ ಅಂತ ಸುಮ್ಮನಾದೆ. ಸುಮ್ಮನಾಗಬಾರದಿತ್ತು. ಬರಿಗಾಲಾದರೆ ಜಗಲಿಗೆ ಬಂದು ಒರೆಸಿಕೊಂಡರೆ ಒಣಗುತ್ತದೆ. ಒದ್ದೆ ಬೂಟಿನೊಳಗೆ ಕಾಲು ಎಂಟು ಗಂಟೆ ನೆನೆಯುತ್ತದೆ.

ಹದಿನಾಲ್ಕನೇ ದಿನ ಪುನರ್ವಸು ಮಳೆ ಸ್ವಲ್ಪ ಹೊಳವು ಕೊಟ್ಟಿತ್ತು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲದ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಸುತ್ತಿದ್ದೆವು. ಕೊನೆಗಾರ ಮರದ ಮೇಲೆ, ಕೆಳಗೆ ಪೈಪ್ ಎಳೆಯುತ್ತಿದ್ದವರು ಜಂಬಿಟ್ಟಿಗೆಯ ಮೆಟ್ಟಿಲಿಳಿಯುವಾಗ ಬಲಗಾಲಿನ ಅಟ್ಟೆ ಹಿಮ್ಮಡಿಯಿಂದ ಬಿಟ್ಟು ಮುಂದಕ್ಕೆ ಮಡಚಿಕೊಂಡಿತು. ಜಾರಿ ಕಾಲುವೆಗೆ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ಆದರೆ ಪಾದ ಕೊಯ್ದುಕೊಂಡಿತು. ಮೊದಲೇ ಬೆರಳ ಸಂದಿಯೆಲ್ಲ ಬಿಳುಚಿ ಸುಲಿದಿತ್ತು, ಅದರ ಮೇಲೆ ಈ ಗಾಯ, ಅದರ ಮೇಲೆ ಕಾಲುವೆ ನೀರು. ಎರಡೇ ದಿನದಲ್ಲಿ ಕಾಲು ಊದಿ ಜ್ವರ ಬಂತು. ಇಲಿಜ್ವರ ಹೀಗೇ ಬರುವುದು, ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿ. ಡಾಕ್ಟರು ಅದಕ್ಕೂ ಸೇರಿಸಿಯೇ ಮಾತ್ರೆ ಕೊಟ್ಟರು. ಹುಷಾರಾದರು, ದೇವರು ದೊಡ್ಡವನು. ಆ ಒಂಬತ್ತು ದಿನದ ಕೂಲಿ, ಔಷಧಿ ನಾನೇ ಕೊಟ್ಟೆ. ಅವರು ಪಟ್ಟ ನೋವಿಗೆ ಏನು ಕೊಡಲಿ?

ಆ ರಾತ್ರಿ ಬೂಟನ್ನು ಮೇಜಿನ ಮೇಲಿಟ್ಟು ನೋಡಿದೆ. ಅಂಟು ಬಿಟ್ಟಿರಬೇಕು ಅಂದುಕೊಂಡಿದ್ದೆ. ಅಂಟು ಗಟ್ಟಿಯಾಗೇ ಇತ್ತು, ಅಟ್ಟೆಯೇ ಸತ್ತಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಹಳೇ ಬೆಲ್ಲದ ಹಾಗೆ ಒಂಚೂರು ಅಂಟಂಟು, ಉಗುರಲ್ಲಿ ಕೆರೆದರೆ ಪುಡಿಪುಡಿ. ಉಳಿದ ಎರಡು ಜೊತೆಯಲ್ಲಿ ಒಂದನ್ನು ನಾವು ಹಾಕಿಯೇ ಇರಲಿಲ್ಲ. ಅದರ ಅಟ್ಟೆ ಮಡಚಿದೆ, ಅಡ್ಡಕ್ಕೆ ಸೀಳು ಬಿಟ್ಟಿತು.

ಇದರ ಕಾರಣ ತಿಳಿದುಕೊಳ್ಳಬೇಕು. ಹಗುರ, ಮೆತ್ತನೆಯ ಅಟ್ಟೆ ಹೆಚ್ಚಾಗಿ ಪಾಲಿಯುರೆಥೇನಿನದು, ಅಂಗಡಿಯಲ್ಲಿ ‘ಪಿಯು’ ಅನ್ನುತ್ತಾರೆ. ಗಾಳಿಯಲ್ಲಿರುವ ತೇವವೇ ಅದನ್ನು ಒಳಗೊಳಗೇ ಒಡೆಯುತ್ತದೆ. ಹಾಕಿ ನಡೆಯಬೇಕೆಂದೇ ಇಲ್ಲ, ಡಬ್ಬಿಯಲ್ಲಿಟ್ಟರೂ ಕೆಲವು ವರ್ಷಕ್ಕೆ ಹಾಳಾಗುತ್ತದೆ. ನಮ್ಮ ಮಲೆನಾಡಿನ ಥಂಡಿಯಲ್ಲಂತೂ ಇನ್ನೂ ಬೇಗ. ಅಟ್ಟೆಯ ಅಡಿಯಲ್ಲಿ ಬೂಟು ತಯಾರಾದ ತಾರೀಖು ಹೇಳುವ, ಗಡಿಯಾರದಂಥ ಸಣ್ಣ ಚಕ್ರದ ಅಚ್ಚಿತ್ತು: ನಡುವೆ ವರ್ಷ, ಸುತ್ತ ತಿಂಗಳು, ಬಾಣದ ಗುರುತು. ಟಾರ್ಚ್ ಹಿಡಿದು ಓದಿದರೆ ಬೂಟಿಗೆ ಏಳು ವರ್ಷ ವಯಸ್ಸಾಗಿತ್ತು. ನಾಲಿಗೆಯ ಒಳಬದಿಯಲ್ಲಿ ಐಎಸ್ 15298 (ಸುರಕ್ಷತಾ ಬೂಟಿನ ಭಾರತೀಯ ಮಾನಕದ ಸಂಖ್ಯೆ) ಅಂತಲೂ, ಪಕ್ಕದಲ್ಲಿ ‘ಎಸ್1’ ಅಂತಲೂ ಇತ್ತು. ಎಸ್1 ಅಂದರೆ ನೀರು ತಡೆಯುವ ಭರವಸೆಯೇ ಇಲ್ಲದ ದರ್ಜೆ. ಮೇಲ್ಭಾಗ ನೀರು ತಡೆಯಬೇಕಾದರೆ ಎಸ್2 ಅಥವಾ ಎಸ್3 ಇರಬೇಕು. ಅದೂ ಮೇಲ್ಭಾಗಕ್ಕೆ ಮಾತ್ರ, ಇಡೀ ಬೂಟಿಗಲ್ಲ. ಅಂಗಡಿಯವರು ಬಾಯಲ್ಲಿ ಹೇಳಿದ್ದು ಒಂದು, ಬೂಟಿನ ಮೇಲೆ ಬರೆದದ್ದು ಇನ್ನೊಂದು.

ವಾಪಸ್ ತಗೊಂಡು ಹೋದರೆ ‘ಬಚ್ಚಲೊಲೆ ಹತ್ತಿರ ಒಣಗಿಸಿರ್ತೀರಿ’ ಅಂದರು. ಹಾಕದೇ ಇದ್ದ ಜೊತೆ ತೋರಿಸಿದೆ. ಮಾತಾಡಲಿಲ್ಲ, ದುಡ್ಡೂ ಕೊಡಲಿಲ್ಲ. ಬಿಲ್ ಕೇಳಿ ಇಟ್ಟುಕೊಂಡಿರಲಿಲ್ಲ ನಾನು, ನೀವು ಆ ತಪ್ಪು ಮಾಡಬೇಡಿ. ಒಲೆ ವಿಷಯ ಮಾತ್ರ ನಿಜವೇ, ಯಾವ ಬೂಟನ್ನೂ ಬೆಂಕಿ ಹತ್ತಿರ ಇಡಬಾರದು. ಒಳಗೆ ಪೇಪರ್ ತುರುಕಿ ಗಾಳಿಗಿಡಿ.

ನಿಂತ ನೀರಲ್ಲಿ ಕೆಲಸ ಮಾಡುವವರಿಗೆ ಹೊಲಿಗೆ ಇರುವ ಬೂಟು ಬೇಡ, ಅಚ್ಚಿನಲ್ಲಿ ಒಂದೇ ತುಂಡಾಗಿ ಬಂದ ಗಂಬೂಟೇ ಬೇಕು. ಇದು ಈಗ ನನ್ನ ಖಚಿತ ಅಭಿಪ್ರಾಯ. ಪಿವಿಸಿಯದ್ದಾದರೆ ಐಎಸ್ 12254, ರಬ್ಬರಿನದ್ದಾದರೆ ಐಎಸ್ 5557 ಅಂತ ಇದೆಯಾ ನೋಡಿ. ಬೋರ್ಡೋ ಹೊಡೆಯುವ ಮನೆಗೆ ಪಿವಿಸಿ ವಾಸಿ. ಮೈಲುತುತ್ತದಲ್ಲಿರುವ ತಾಮ್ರ ಸಹಜ ರಬ್ಬರಿಗೆ ವಿಷ, ಅದನ್ನು ಬೇಗ ಮುದಿಯಾಗಿಸುತ್ತದೆ. ರಬ್ಬರ್ ಬೂಟೇ ಇದ್ದರೆ ಅವತ್ತೇ ಸಂಜೆ ತೊಳೆದುಬಿಡಿ.

ಅಂಗಡಿಯಲ್ಲಿ ದಪ್ಪ ಕಾಲುಚೀಲ ಹಾಕಿ, ಬೂಟು ಏರಿಸಿ, ಕುಕ್ಕರುಗಾಲಲ್ಲಿ ಕೂತು ನೋಡಿ. ಮೊಣಕಾಲ ಹಿಂದೆ ಅಂಚು ಚುಚ್ಚಿದರೆ ಆ ಬೂಟನ್ನು ಯಾರೂ ಮೂರನೇ ದಿನ ಹಾಕುವುದಿಲ್ಲ, ಮೂಲೆ ಸೇರುತ್ತದೆ. ಕೈಯಿಂದ ಹಿಮ್ಮಡಿ ಗಂಟಿನ ಜಾಗವನ್ನು ಮಡಚಿ ಬಿಡಿ, ಬಿಳಿ ಗೆರೆ ಉಳಿದರೆ, ಸಣ್ಣ ಬಿರುಕು ಕಂಡರೆ ಬೇಡ. ಮನೆಗೆ ತಂದ ಮೇಲೆ ಚೀಟಿ ಕೀಳುವ ಮೊದಲು ಒಳಗೆ ಒಣ ಪೇಪರ್ ಹಾಕಿ, ಬಾಯಿ ಮೇಲಿರುವಂತೆ ಬಕೆಟ್ ನೀರಲ್ಲಿ ಒಂದು ಗಂಟೆ ನಿಲ್ಲಿಸಿ. ಪೇಪರ್ ಒದ್ದೆಯಾಗಿದ್ದರೆ ಆವತ್ತೇ ವಾಪಸ್ ಕೊಡಿ. ಬೆಳಿಗ್ಗೆ ಹಾಕುವಾಗ ಬೋರಲು ಮಾಡಿ ಕೊಡವಿಯೇ ಕಾಲಿಡಿ, ಹಾವೋ ಚೇಳೋ ಬೆಚ್ಚಗೆ ಸೇರಿಕೊಂಡಿರಬಹುದು. ಒಂದು ಮಾತ್ರ ನೆನಪಿರಲಿ, ಪಾಚಿ ಹಿಡಿದ ಜಂಬಿಟ್ಟಿಗೆ ಮೇಲೆ ಯಾವ ಬೂಟೂ ನಿಲ್ಲುವುದಿಲ್ಲ. ಆ ಮೆಟ್ಟಿಲುಗಳನ್ನು ನಾವು ಈ ವರ್ಷ ಬೇಸಿಗೆಯಲ್ಲೇ ಕೆರೆದು ಸುಣ್ಣ ಹಾಕಿದೆವು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅದೇ ಹಳದಿ ಡಬ್ಬಿಗಳು ಒಂದರ ಮೇಲೊಂದು ಇಟ್ಟಿದ್ದನ್ನು ಮೊನ್ನೆ ಕಂಡೆ. ಲೈಟು ಇಲ್ಲದ ಗೋಡೆ ಪಕ್ಕ, ಇಪ್ಪತ್ತಾದರೂ ಇರಬೇಕು. ಯಾರಾದರೂ ನಿಮಗೆ ಒಳಗಿನಿಂದ ಡಬ್ಬಿ ತಂದುಕೊಟ್ಟರೆ ಮೊದಲು ಬೂಟನ್ನು ಮಗುಚಿ ಆ ಚಕ್ರ ನೋಡಿ.